ಹಿಂದಿನ ಬಾಗಿಲಿಂದ ಒಂದು ಹೋಲ್ಡಾನ್

ಕುತ್ತಿಗೆಯ ಬುಡದಲ್ಲಿ ಅಡ್ಡ ಹೊಲಿಗೆಯ ಕಲೆ ಇರುವ ಹೆಂಗಸರು ಬಸ್ಸು ಹತ್ತಿದರೆ ನನಗೆ ಕೂಡಲೇ ಗೊತ್ತಾಗಿಬಿಡುತ್ತದೆ. ಸೆರಗನ್ನೋ ವೇಲನ್ನೋ ಮೇಲಕ್ಕೆ ಎಳೆದು ಹೊದ್ದಿರುತ್ತಾರೆ. ಕೆಲವರು ಇಳಿಯುವ ಊರಿನ ಹೆಸರನ್ನು ಪಿಸುಗುಟ್ಟುತ್ತಾರೆ. ನಾನು ಆಧಾರ್ ಕಾರ್ಡ್ ನೋಡಿ ಟಿಕೆಟ್ ಕೊಟ್ಟು, ಮೆಲ್ಲಗೆ "ಥೈರಾಯ್ಡ್ ಆಪರೇಶನ್ನಾ?" ಅಂತ ಕೇಳುತ್ತೇನೆ. ಹೌದು ಅಂತ ತಲೆಯಾಡಿಸಿದರೆ ನನ್ನ ಖಾಕಿ ಕಾಲರು ಸರಿಸಿ ನನ್ನ ಕಲೆಯನ್ನೂ ತೋರಿಸುತ್ತೇನೆ. ಆಮೇಲೆ ಮಾತಿಗೆ ಶುರು. ಆದರೆ ಅವರ ಸ್ಟಾಪು ಬಂದುಬಿಡುತ್ತದೆ, ಅರ್ಧಕ್ಕೇ ಇಳಿದು ಹೋಗುತ್ತಾರೆ. ಹಾಗೆ ಇಳಿದವರಿಗೆ ಹೇಳಲು ಉಳಿದದ್ದು ಇದು.

ನಾನು ಸುಮಿತ್ರ. ಕ್ಯಾತನಹಳ್ಳಿಗೆ ಸೊಸೆಯಾಗಿ ಬಂದವಳು. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿ, ಅದರಿಂದ ಯಾವ ಕೆಲಸವೂ ಗಿಟ್ಟದೆ, ಬಸ್ಸಿನ ಕಂಡಕ್ಟರ್ ಆದೆ. ಶ್ರೀರಂಗಪಟ್ಟಣದಿಂದ ಪಾಂಡವಪುರ, ಅಲ್ಲಿಂದ ಕೆ.ಆರ್. ಪೇಟೆ, ಕಿಕ್ಕೇರಿ, ಇದು ನಮ್ಮ ರೂಟು. ನಮ್ಮದು ಎರಡು ಬಾಗಿಲಿನ ಹಳೇ ಬಸ್ಸು. ಹಿಂದಿನ ಬಾಗಿಲಲ್ಲಿ ನಿಂತು ನಾನು 'ಹೋಲ್ಡಾನ್' ಅಂದರೆ ಬಸ್ಸು ನಿಲ್ಲಬೇಕು, 'ರೈಟ್' ಅಂದರೆ ಹೊರಡಬೇಕು. ವಿಶಲ್ಲಾದರೆ ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಆದರೆ ನಾನು ವಿಶಲ್ಲನ್ನು ಜೇಬಿಂದ ತೆಗೆದದ್ದೇ ಕಡಿಮೆ. ನನ್ನ ಗಂಟಲು ಅಂಥದು. ಸಂತೆಯ ದಿನ ಬಾಗಿಲಲ್ಲಿ ಜನ ಜೋತಾಡುತ್ತಿದ್ದಾಗಲೂ ನನ್ನ ಒಂದು ಕೂಗಿಗೆ ಡ್ರೈವರ್ ಚನ್ನಣ್ಣನ ಕಾಲು ಬ್ರೇಕಿನ ಮೇಲೆ ಹೋಗಿಬಿಡುತ್ತಿತ್ತು.

ಚನ್ನಣ್ಣ ಕಿಕ್ಕೇರಿ ಕಡೆಯವನು. ನನಗಿಂತ ದೊಡ್ಡವನು, ದೈವಭಕ್ತ. ಶ್ರೀರಂಗಪಟ್ಟಣ ಬಿಟ್ಟು ಕರಿಘಟ್ಟದ ಬೆಟ್ಟ ಕಂಡ ಕೂಡಲೇ ಸ್ಟೇರಿಂಗಿನಿಂದ ಎರಡೂ ಕೈ ತೆಗೆದು ಮುಗಿಯುತ್ತಾನೆ. "ಒಂದ್ ಕೈಲಿ ಮುಗಿಯಣ್ಣ, ಸ್ಟೇರಿಂಗ್ ಹಿಡ್ಕಳಕ್ಕೆ ದೇವ್ರು ಬರಲ್ಲ" ಅಂತ ನಾನು ದಿನಾ ಬೈಯುತ್ತಿದ್ದೆ. ಅಲ್ಲಿಂದ ನಮ್ಮ ಜಗಳ ಶುರುವಾದರೆ ಪಾಂಡವಪುರದ ತನಕ. ಮುಂದಿನ ಸೀಟಿನ ದಿನವಹಿ ಪ್ರಯಾಣಿಕರು ಅದನ್ನು ಕೇಳಲಿಕ್ಕೇ ಅಲ್ಲಿ ಕೂರುತ್ತಿದ್ದರು.

"ಈ ಬಸ್ಸು ತನ್ನಷ್ಟಕ್ಕೆ ತಾನೇ ಆಯ್ತಾ?" ಅನ್ನುವನು. "ಯಾರೋ ಕುಂತು ಯೋಚ್ನೆ ಮಾಡಿ, ಇಂಜಿನ್ ಇಲ್ಲಿರ್ಲಿ, ಗಾಲಿ ಅಲ್ಲಿರ್ಲಿ ಅಂತ ಜೋಡ್ಸುದ್ರು ತಾನೆ? ಅಂಗಂದ್ಮೇಲೆ ಈ ಕಣ್ಣು, ಈ ಕಿವಿ, ಈ ಕೈಬೆರಳು ಸುಮ್‌ಸುಮ್ನೆ ಆದವಾ? ಜೋಡ್ಸುದೋನು ಒಬ್ಬ ಇರ್ಲೇಬೇಕು ಕಣವ್ವ."

"ಬಸ್ಸು ಮಾಡೋರನ್ನ ಕಣ್ಣಾರೆ ಕಂಡಿದ್ದೀವಿ. ಕಣ್ಣು ಮಾಡೋನ್ನ ಕಂಡೋರು ಯಾರಣ್ಣ? ಅದೂ ಅಲ್ದೆ ಬಸ್ಸನ್ನ ಒಬ್ನೇ ಮಾಡಿದ್ನಾ? ಇಂಜಿನ್ ಒಂದೂರಲ್ಲಿ, ಬಾಡಿ ಇನ್ನೊಂದೂರಲ್ಲಿ, ಟೈರು ಮತ್ತೊಂದ್ ಕಡೆ. ನಿನ್ ಲೆಕ್ಕದಲ್ಲಿ ದೇವ್ರೂ ಒಂದ್ ಗುಂಪೇ ಇರ್ಬೇಕಾಯ್ತದೆ."

ಇದಕ್ಕೆ ಅವನು ಸೋಲುತ್ತಾನೆ ಅಂದುಕೊಂಡಿದ್ದೆ. "ಅಯ್ಯೋ, ಗುಂಪಿಲ್ಲ ಅಂದೋರ್ಯಾರವ್ವ?" ಅಂದ ಚನ್ನಣ್ಣ. "ಬೆಟ್ಟದ ಮ್ಯಾಲೆ ಒಬ್ಬ, ಊರ್ ಬಾಗ್ಲಲ್ಲಿ ಒಬ್ಳು, ಕೆರೆ ಏರಿ ಮ್ಯಾಲೆ ಇನ್ನೊಬ್ಬ. ಒಬ್ಬೊಬ್ರಿಗೆ ಒಂದೊಂದ್ ಕೆಲ್ಸ. ನಮ್ ಡಿಪೋನೂ ಅಂಗೇ ತಾನೆ ನಡೀತಿರೋದು?" ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಒಂದು ಬೇಸಗೆಯಲ್ಲಿ ನಮ್ಮ ಬಸ್ಸಿನ ಹಾರ್ನು ಕೆಟ್ಟಿತು. ಡಿಪೋದಲ್ಲಿ ಬಿಚ್ಚಿ ನೋಡಿದರೆ ತಮಾಷೆ. ಹಾರ್ನಿನ ಗುಂಡಿ ಇರುವುದು ಸ್ಟೇರಿಂಗಿನಲ್ಲಿ, ಹಾರ್ನು ಇರುವುದು ಅದರ ಮುಂದೆ ಮೊಳದ ದೂರದಲ್ಲಿ. ಆದರೆ ವೈರು ಮಾತ್ರ ಸೀಟುಗಳ ಅಡಿಯಲ್ಲಿ ಹಿಂದಿನ ಬಾಗಿಲ ತನಕ ಹೋಗಿ, ಅಲ್ಲಿಂದ ತಿರುಗಿ ಮುಂದಕ್ಕೆ ಬಂದಿತ್ತು. ಯಾವಾಗಲೋ ಮುಂದಿನ ವೈರು ಸುಟ್ಟಾಗ ಬಸ್ಸನ್ನು ರೂಟಿಗೆ ಬಿಡಲೇಬೇಕಿತ್ತು. ಹಿಂದಕ್ಕೆ ಹೋಗುವ ಹಳೇ ಲೈನಿಗೆ ಜಾಯಿಂಟ್ ಹೊಡೆದು ಕಳಿಸಿದ್ದರು. ಹಿಂದಿನ ಬಾಗಿಲ ಹತ್ತಿರ ಯಾರೋ ಚೀಲ ಒತ್ತಿ ಇಟ್ಟದ್ದಕ್ಕೆ ವೈರು ಜಜ್ಜಿ ಮುಂದೆ ಹಾರ್ನು ಸತ್ತಿತ್ತು. ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಅದು ನನ್ನದೇ ಕಥೆಯ ಮುನ್ನುಡಿ ಅಂತ ಆಗ ಗೊತ್ತಿರಲಿಲ್ಲ.

ನನ್ನ ಕುತ್ತಿಗೆಯ ಗಂಟನ್ನು ಮೊದಲು ನೋಡಿದವನೂ ಚನ್ನಣ್ಣನೇ. ಡ್ರೈವರ್ ತಲೆಯ ಮೇಲೆ ಒಂದು ಕನ್ನಡಿ ಇರುತ್ತದಲ್ಲ, ಒಳಗಿನ ಜನವನ್ನೂ ಹಿಂದಿನ ಬಾಗಿಲನ್ನೂ ತೋರಿಸುವುದು, ಅದರಲ್ಲಿ ನೋಡಿದ್ದಾನೆ. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ, "ನೀನು ನೀರ್ ಕುಡೀವಾಗ ಕುತ್ಗೇಲಿ ಅದೇನೋ ಮ್ಯಾಕೆ ಕೆಳಕೆ ಆಡ್ತದಲ್ಲವ್ವ, ಏನದು?" ಅಂದ. ಮನೆಗೆ ಬಂದು ಕನ್ನಡಿ ಮುಂದೆ ನಿಂತು ಎಂಜಲು ನುಂಗಿದೆ. ಎಡಗಡೆ ಅಡಿಕೆಯಷ್ಟು ದಪ್ಪದ್ದು ಏರಿ ಇಳಿಯಿತು.

ಮೈಸೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು, ಆಮೇಲೆ ಸೂಜಿ ಚುಚ್ಚಿ ನೀರು ತೆಗೆಯುವ ಪರೀಕ್ಷೆ. ಆ ಕಾಯುವ ಕೋಣೆಯನ್ನು ನಾನು ಸಾಯುವ ತನಕ ಮರೆಯಲಾರೆ. ಎಲ್ಲರೂ ಎದುರಿನವರ ಕುತ್ತಿಗೆಯನ್ನೇ ನೋಡುತ್ತಿದ್ದೆವು. ಪಕ್ಕದಲ್ಲಿ ನಾಗಮಂಗಲ ಕಡೆಯ ಒಬ್ಬ ಹೆಂಗಸು. ಅವಳ ಗಂಟು ನಿಂಬೆಹಣ್ಣಿನಷ್ಟಿತ್ತು. ನನ್ನ ಮುಖ ನೋಡಿ, ಕೇಳದೆಯೇ ಡಬ್ಬಿ ತೆಗೆದು ಒಂದು ಒಬ್ಬಟ್ಟಿನ ಚೂರು ಕೊಟ್ಟಳು. "ಯೋಚ್ನೆ ಮಾಡ್ಬ್ಯಾಡಿ ಕಣಕ್ಕ. ಮಾಡ್ದೋನು ಏನೋ ಒಂದು ಯೋಚ್ನೆ ಮಡೀಕಂಡೇ ಮಾಡಿರ್ತಾನೆ."

ಬೇರೆ ದಿನವಾಗಿದ್ದರೆ ನಾನು ಬಿಡುತ್ತಿರಲಿಲ್ಲ. ನಿಮ್ಮ ಕುತ್ತಿಗೆಯಲ್ಲಿ ಗಂಟು ಇಟ್ಟದ್ದಕ್ಕೆ ಅವನಿಗೆ ಏನು ಯೋಚನೆ ಇತ್ತು ಹೇಳಿ ಅಂತ ಎಳೆಯುತ್ತಿದ್ದೆ. ಅವತ್ತು ಸುಮ್ಮನೆ ಒಬ್ಬಟ್ಟು ತಿಂದೆ. ಅವಳ ಹೆಸರು ಕರೆದರು, ಅವಳು ನನ್ನ ಕೈ ಒಂದು ಸಲ ಅದುಮಿ ಎದ್ದುಹೋದಳು. ಅವಳ ಹೆಸರೇನು ಕೂಗಿದರು ಅಂತಲೂ ಭಯದಲ್ಲಿ ನನಗೆ ಕೇಳಿಸಲಿಲ್ಲ.

ಸೂಜಿಯ ಪರೀಕ್ಷೆಯಲ್ಲಿ ಅನುಮಾನ ಅಂತ ಬಂತು. ಹೌದೂ ಅಲ್ಲ, ಅಲ್ಲವೂ ಅಲ್ಲ. ತೆಗೆದು ನೋಡಿದ ಮೇಲೇ ಗೊತ್ತಾಗುವುದು ಅಂದರು. ಇಂಥ ಹೊತ್ತಿನಲ್ಲಿ ನಂಬದವಳಿಗೆ ಒಂದು ಕಷ್ಟ ಇದೆ, ಬೈಯಲಿಕ್ಕೆ ಯಾರೂ ಸಿಗುವುದಿಲ್ಲ. ನಮ್ಮತ್ತೆ ಮನೆದೇವರ ಫೋಟೋ ಮುಂದೆ ನಿಂತು, "ಏನ್ ಪಾಪ ಮಾಡಿದ್ಲು ನನ್ ಸೊಸೆ, ಕಣ್ ಕಾಣ್ತದಾ ನಿಂಗೆ?" ಅಂತ ಬಾಯಿಗೆ ಬಂದಂತೆ ಬೈದು ಹಗುರಾದರು. ನನಗೆ ಆ ಭಾಗ್ಯವೂ ಇಲ್ಲ. ಸುಮ್ಮನೆ ಹೊಟ್ಟೆಯೊಳಗೇ ಹೆದರಿಕೊಂಡೆ.

ಆಪರೇಶನ್ ಆಗಿ ಎಚ್ಚರವಾದಾಗ ಬಾಯಿ ಒಣಗಿತ್ತು. ನೀರು ಅಂತ ಕೇಳಿದೆ. ಕೇಳಿದೆ ಅಂದುಕೊಂಡೆ. ಗಾಳಿ ಮಾತ್ರ ಹೊರಗೆ ಬಂತು. ಮತ್ತೊಮ್ಮೆ ಕೂಗಿದೆ. ಪಂಕ್ಚರ್ ಆದ ಟ್ಯೂಬಿನ ಹಾಗೆ ಬುಸ್ ಅಂದಿತು. ನಮ್ಮವರು, ನನ್ನ ಗಂಡ, ಓಡಿಬಂದು ಚಮಚದಲ್ಲಿ ನೀರು ಕೊಟ್ಟರು. ಅದು ಅಡ್ಡದಾರಿ ಹಿಡಿದು ಕೆಮ್ಮು ಉಕ್ಕಿ, ಹೊಲಿಗೆಯೆಲ್ಲ ಕಿತ್ತುಬರುವ ಹಾಗಾಯಿತು.

ಡಾಕ್ಟರು ಬಂದು ಮಂಚದ ಅಂಚಲ್ಲಿ ಕೂತರು. ನಿಧಾನದ ಮನುಷ್ಯ. "ಗಂಟು ದನಿಯ ನರಕ್ಕೆ ಅಂಟಿಕೊಂಡಿತ್ತಮ್ಮ. ಬಿಡಿಸುವಾಗ ನರಕ್ಕೆ ನೋವಾಗಿದೆ. ಕಡಿದುಹೋಗಿಲ್ಲ. ಹೀಗಾಗಬಹುದು ಅಂತ ಮೊದಲೇ ಹೇಳಿದ್ದೆ" ಅಂದರು. ಹೌದು, ಹೇಳಿದ್ದರು. ನನ್ನ ತಲೆಯಲ್ಲಿ ಕ್ಯಾನ್ಸರ್ ಅನ್ನುವ ಒಂದೇ ಮಾತು ಓಡಾಡುತ್ತಿದ್ದುದರಿಂದ ಮಿಕ್ಕಿದ್ದು ಕಿವಿಗೆ ಬಿದ್ದಿರಲಿಲ್ಲ. ದನಿ ಬರಬಹುದು, ತಿಂಗಳುಗಟ್ಟಲೆ ಹಿಡಿಯಬಹುದು, ಬರದೆಯೂ ಇರಬಹುದು. ಅವರು ಸುಳ್ಳು ಧೈರ್ಯ ಹೇಳಲಿಲ್ಲ.

ಆಮೇಲೆ ಔಷಧಿ ಚೀಟಿಯ ಹಿಂದೆ ಒಂದು ಚಿತ್ರ ಬರೆದರು. ತಲೆ, ಗಂಟಲು, ಎದೆ. ತಲೆಯಿಂದ ಹೊರಟ ನರ ಗಂಟಲಿನ ಪಕ್ಕದಲ್ಲೇ ಇಳಿಯುತ್ತದೆ. ಅಲ್ಲೇ ಸೇರಿಕೊಳ್ಳಬಹುದಿತ್ತು. ಸೇರುವುದಿಲ್ಲ. ಎದೆಯೊಳಕ್ಕೆ ಇಳಿದು, ಹೃದಯದ ಮೇಲಿನ ದೊಡ್ಡ ರಕ್ತನಾಳವನ್ನು ಸುತ್ತು ಹಾಕಿ, ತಿರುಗಿ ಮೇಲೆ ಹತ್ತಿ ಗಂಟಲಿಗೆ ಬರುತ್ತದೆ. ಕಾಲೇಜಿನಲ್ಲಿ ಓದಿದ್ದೆ, ಮರೆತಿದ್ದೆ. "ನಾವೆಲ್ಲ ಮೀನಿನಂಥ ಪ್ರಾಣಿಯಿಂದ ಬಂದವರಲ್ವಾ? ಮೀನಿಗೆ ಕುತ್ತಿಗೆ ಇಲ್ಲ ನೋಡಿ, ಅದಕ್ಕೆ ಇದು ನೇರ ದಾರಿ. ಕುತ್ತಿಗೆ ಬೆಳೀತಾ ಬೆಳೀತಾ ದಾರಿ ಎಳೆದುಕೊಂಡು ಬಂತು" ಅಂದರು ಡಾಕ್ಟರು.

ನಾನು ನಗಲು ಶುರುಮಾಡಿದೆ. ಶಬ್ದವಿಲ್ಲ, ಭುಜ ಮಾತ್ರ ಅಲುಗುತ್ತಿತ್ತು. ಅಳುತ್ತಿದ್ದೇನೆ ಅಂದುಕೊಂಡು ನಮ್ಮವರು ಬೆನ್ನು ಸವರಿದರು. ಫೋನು ಇಸಿದುಕೊಂಡು ಬರೆದು ತೋರಿಸಿದೆ: "ನಮ್ಮ ಬಸ್ಸಿನ ಹಾರ್ನ್ ವೈರು." ಅವರಿಗೆ ಅರ್ಥವಾಗಲಿಲ್ಲ. ಔಷಧಿ ತಲೆಗೇರಿದೆ ಅಂದುಕೊಂಡರು. ಆಮೇಲೆ ನಿಜವಾಗಿಯೂ ಅತ್ತೆ.

ರಿಪೋರ್ಟು ಬಂತು. ಕ್ಯಾನ್ಸರ್ ಅಲ್ಲ. ಥೈರಾಯ್ಡ್ ಗ್ರಂಥಿಯಲ್ಲಿ ಅರ್ಧ ತೆಗೆದಿದ್ದರು, ಉಳಿದ ಅರ್ಧದ ಜೊತೆ ಮಾತ್ರೆ ನುಂಗಿಕೊಂಡು ಇರಬಹುದು. ಮನೆಯಲ್ಲಿ ಪಾಯಸ ಮಾಡಿದರು. ನೋಡಲು ಬಂದವರೆಲ್ಲ ಒಂದೇ ಮಾತು: "ಪ್ರಾಣ ಉಳೀತಲ್ಲ, ದನಿ ಓದ್ರೆ ಓಗ್ಲಿ ಬುಡು." ಹೇಳಿಬಿಡುತ್ತೇನೆ, ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಬದುಕಿದ್ದಕ್ಕೆ ಸಂತೋಷ ನನಗೂ ಇತ್ತು, ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಆದರೆ ನಾನು ದನಿಯಿಂದಲೇ ನಾನಾಗಿದ್ದವಳು. ಹಟ್ಟಿಯಿಂದ ಒಂದು ಕೂಗು ಹಾಕಿದರೆ ಕಬ್ಬಿನ ಗದ್ದೆಯಲ್ಲಿದ್ದ ಗಂಡ ತಿರುಗಿ ನೋಡುತ್ತಿದ್ದರು. ಈಗ ಪಕ್ಕದ ಕೋಣೆಯಿಂದ ಕರೆಯಲು ಚಪ್ಪಾಳೆ ತಟ್ಟಬೇಕು. ಬಸ್ಸಿಗೆ ಮತ್ತೆ ಹತ್ತುತ್ತೇನೋ ಇಲ್ಲವೋ ಅನ್ನುವುದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಓದುತ್ತಿರುವವರಲ್ಲಿ ಯಾರಿಗಾದರೂ ಹೀಗೆ 'ಉಳಿದದ್ದೇ ಹೆಚ್ಚು' ಅನ್ನುತ್ತಿದ್ದರೆ, ನಿಮಗೆ ಬರುವ ಸಿಟ್ಟು ಸರಿಯಾಗಿದೆ. ಅದನ್ನು ಇಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ.

ಅತ್ತೆಗೆ ಮಾತ್ರ ಇದು ತಿಳಿಯಿತು. "ನಿನ್ ಬಾಯ್ಗೆ ಎಷ್ಟ್ ಬೈದಿವ್ನಿ ಮಗ. ಈಗ ಮನೆ ಬಣಬಣ ಅಂತದೆ" ಅಂತ ನನ್ನ ಯೂನಿಫಾರ್ಮ್ ಜೇಬು ತಡಕಿ ವಿಶಲ್ ತಂದು ಕೈಗಿಟ್ಟರು. ಊದಲು ದನಿ ಬೇಕಿಲ್ಲ, ಉಸಿರು ಸಾಕು. ಊಟಕ್ಕೆ ಬಡಿಸುವಾಗ ಸಾಕು ಅನ್ನಲು ಒಂದು ಊದುವೆ, ಇನ್ನಷ್ಟು ಬೇಕಾದರೆ ಎರಡು. ಅತ್ತೆಗೆ ಎರಡರ ಲೆಕ್ಕ ಬೇಗ ಹಿಡಿಯಿತು, ಒಂದರದ್ದು ಹಿಡಿಯಲೇ ಇಲ್ಲ. ಒಂದು ಊದಿದರೂ ಇನ್ನೊಂದು ಸೌಟು ಸಾರು ಬೀಳುತ್ತಿತ್ತು. ನೀರು ಕುಡಿಯುವಾಗ ಗದ್ದವನ್ನು ಎದೆಗೆ ಒತ್ತಿಕೊಂಡು ನುಂಗಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ನಾನು ಹಾಗೆ ತಲೆ ತಗ್ಗಿಸಿದಾಗ ಎದುರು ಕೂತ ಅತ್ತೆಯೂ ತಮಗೆ ಗೊತ್ತಿಲ್ಲದೆ ತಲೆ ತಗ್ಗಿಸಿ ನುಂಗುತ್ತಿದ್ದರು.

ಒಂದು ರಜೆಯ ದಿನ ಚನ್ನಣ್ಣ ಪ್ರಸಾದ ಹಿಡಿದು ಬಂದ. ಕರಿಘಟ್ಟಕ್ಕೆ ಬರಿಗಾಲಲ್ಲಿ ಹತ್ತಿ ಹರಕೆ ಹೊತ್ತು ಬಂದಿದ್ದ. ಎದುರು ಕೂತು ಟವೆಲ್ಲಿನ ಅಂಚು ಮಡಚಿದ, ಬಿಚ್ಚಿದ. ನಾನು ಡಾಕ್ಟರ ಚಿತ್ರವನ್ನು ಅವನ ಮುಂದೆ ಇಟ್ಟು, ಫೋನಿನಲ್ಲಿ ಬರೆದು ತೋರಿಸಿದೆ: "ಮೊಳದ ದೂರಕ್ಕೆ ಹಿಂದಿನ ಬಾಗಿಲ ತನಕ ವೈರು. ಇದನ್ನು ಜೋಡಿಸಿದವನು ಯಾರಣ್ಣ? ನಮ್ಮ ಡಿಪೋದವನಾ?"

ಕನ್ನಡಕ ಏರಿಸಿ ಅಕ್ಷರ ಕೂಡಿಸಿ ಓದಿದ. ಚಿತ್ರವನ್ನು ಬೆರಳಲ್ಲಿ ಸವರಿ ನೋಡಿದ. ಮುಖ ಇಳಿದುಹೋಯಿತು. "ಆ ಹಾರ್ನು ಅಷ್ಟು ವರ್ಸ ಸದ್ದು ಮಾಡ್ಲಿಲ್ವಾ? ನಿನ್ ಗಂಟ್ಲು ಇಷ್ಟು ವರ್ಸ ಕೂಗ್ಲಿಲ್ವಾ? ಓಡೋ ಬಸ್ಸನ್ನ ನಿಲ್ಸಿ ಎಲ್ಲಾ ಬಿಚ್ಚಾಕಾಯ್ತದಾ? ಇರೋದಕ್ಕೇ ಜಾಯಿಂಟ್ ಒಡೀಬೇಕು" ಅಂದ.

"ಅದನ್ನೇ ನಾನೂ ಹೇಳ್ತಿರೋದು. ಮೊದಲೇ ಯಾರೂ ಕೂತು ಯೋಚಿಸಲಿಲ್ಲ. ಆಗ್ತಾ ಆಗ್ತಾ ಆಯಿತು" ಅಂತ ಬರೆದೆ.

"ಜಾಯಿಂಟ್ ಒಡುದೋನೂ ಒಬ್ಬ ಇರ್ಬೇಕಲ್ಲವ್ವ!" ಅಂತ ಅವನಿಗೆ ಜೀವ ಬಂತು. ಶುರುಮಾಡಿದ. ನಾನು ಬರೆಯುವಷ್ಟರಲ್ಲಿ ಅವನು ಮೂರು ಮಾತು ಮುಂದೆ ಹೋಗಿರುತ್ತಿದ್ದ. ಇದ್ಯಾವ ನ್ಯಾಯ? ರೇಗಿಹೋಗಿ ವಿಶಲ್ ಬಾಯಿಗಿಟ್ಟು ಒಂದು ಊದಿದೆ.

ಚನ್ನಣ್ಣನ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿತು. ಮಾತು ಅಲ್ಲಿಗೇ ನಿಂತಿತು. ಕುರ್ಚಿಯಲ್ಲಿ ಬ್ರೇಕ್ ಹಾಕಿದವನ ಹಾಗೆ ಮುಂದಕ್ಕೆ ವಾಲಿ ಕೂತಿದ್ದ. ಅತ್ತೆ ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಚನ್ನಣ್ಣನೂ ನಕ್ಕ. ಆಮೇಲೆ ಎದ್ದು ಹೊರಗೆ ಹೋಗಿ ಹಟ್ಟಿಯ ಹಸುವಿನ ಬೆನ್ನು ಸವರುತ್ತಾ ತುಂಬಾ ಹೊತ್ತು ನಿಂತಿದ್ದ. ಹೊರಡುವಾಗ ಅಂದ: "ಇನ್ನೊಬ್ಬ ಕಂಡಕ್ಟ್ರು ಬಂದವ್ನೆ ನನ್ ಗಾಡೀಗೆ. ನಾನ್ ಏನ್ ಏಳುದ್ರೂ ಊಂ ಅಂತಾನೆ. ಬೇಜಾರು ಕಣವ್ವ. ಬಿರ್ರನೆ ಬಂದ್ಬುಡು."

ಅವತ್ತೇ ಗಟ್ಟಿ ಮನಸ್ಸು ಮಾಡಿದೆ. ವಾಪಸ್ ಹೋಗುತ್ತೇನೆ.

ಮಾತಿನ ತರಬೇತಿ ಕೊಡುವ ಹುಡುಗಿ ಮೊದಲ ದಿನ ಮೂಗಿನೊಳಗೆ ಸಣ್ಣ ನಳಿಗೆ ಇಳಿಸಿ ಪರದೆಯ ಮೇಲೆ ತೋರಿಸಿದಳು. ಗಂಟಲ ತಳದಲ್ಲಿ ಎರಡು ಬಿಳಿ ಪಟ್ಟಿಗಳು. ಬಲಗಡೆಯದು ನಡುವಿನ ತನಕ ಬಂದು ಹೋಗುತ್ತಿತ್ತು. ಎಡಗಡೆಯದು ಅಲುಗಾಡದೆ ನಿಂತಿತ್ತು. ಎರಡರ ಮಧ್ಯೆ ಸಂದು, ಗಾಳಿಯೆಲ್ಲ ಅಲ್ಲೇ ಸೋರಿಹೋಗುತ್ತಿತ್ತು. "ಎಡಗಡೇದು ಏಳೋ ತನಕ ಕಾಯೋದು ಬೇಡ ಮೇಡಂ. ಬಲಗಡೇದಕ್ಕೆ ಇನ್ನೂ ಒಂಚೂರು ಮುಂದಕ್ಕೆ ಬರೋಕೆ ಕಲಿಸೋಣ" ಅಂದಳು. ಆಸೆ ಅನ್ನುವುದು ನನಗೆ ಕಂಡದ್ದು ಆ ಕೂದಲೆಳೆಯಷ್ಟು ಸಂದಿನಲ್ಲಿ.

ಗೋಡೆಗೆ ಎರಡೂ ಅಂಗೈ ಕೊಟ್ಟು ತಳ್ಳುತ್ತಾ 'ಆ' ಅನ್ನಬೇಕು. ಕುತ್ತಿಗೆ ಒಂದು ಕಡೆಗೆ ತಿರುಗಿಸಿ 'ಈ' ಅನ್ನಬೇಕು. ಬೆಳಿಗ್ಗೆ ಹಾಲು ಡೈರಿಗೆ ಹೋದ ಮೇಲೆ ಒಂದು ಸಲ, ಸಂಜೆ ಒಂದು ಸಲ. ಮೊದಲು ಬುಸ್, ಆಮೇಲೆ ಬುಸ್ಸಿನ ನಡುವೆ ಒಂದು ಕಿರ್ ಸದ್ದು, ಆಮೇಲೆ ಹಳೇ ಬಾಗಿಲಿನ ಕೀಲಿನಂಥ ದನಿ. ಅತ್ತೆ ಹೊರಗೆ ಕೂತು ಅವರೆಕಾಯಿ ಸುಲಿಯುತ್ತಾ, "ಇವತ್ತು ಎಮ್ಮೆಕರಿನಂಗೆ ಬಂತು, ನೆನ್ನೆಗಿಂತ ವಾಸಿ" ಅಂತ ಮಾರ್ಕು ಕೊಡುತ್ತಿದ್ದರು. ಕೆಲವು ದಿನ ಏನೂ ಬರುತ್ತಿರಲಿಲ್ಲ. ಅಂಥ ದಿನ ಗೋಡೆಯನ್ನು ಸಿಟ್ಟಿನಿಂದ ತಳ್ಳಿದ್ದೇನೆ.

ಮಳೆಗಾಲ ಮುಗಿಯುವ ಹೊತ್ತಿಗೆ ಮನೆಯೊಳಗೆ ಮಾತಾಡುವಷ್ಟು ಬಂತು. ನಮ್ಮವರ ಬೈಕಿನಲ್ಲಿ ಡಿಪೋಗೆ ಹೋದೆ. ನಮ್ಮ ಮ್ಯಾನೇಜರ್ ಸಾಹೇಬರು ಕೆಟ್ಟವರಲ್ಲ. "ಆಫೀಸಲ್ಲಿ ಲೈಟ್ ಡ್ಯೂಟಿ ಕೊಡ್ತೀನಮ್ಮ, ಆರಾಮಾಗಿರಿ" ಅಂದರು. ಬೇಡ ಅಂದೆ. ಅವರು ಯೋಚಿಸಿ ಹೇಳಿದರು: "ವಿಶಲ್ ಇದೆ ಅಂತ ನಂಗೂ ಗೊತ್ತು. ವಿಶಲ್ ಬಾಯಲ್ಲಿ ಇಲ್ಲದಾಗ ಯಾರಾದ್ರೂ ಮೆಟ್ಟಿಲಿಂದ ಕಾಲು ಜಾರಿದ್ರೆ? ಇಂಜಿನ್ ಆನ್ ಮಾಡಿ ಬಸ್ಸು ಓಡಿಸ್ತೀವಿ. ಹಿಂದಿನ ಬಾಗಿಲಿಂದ ನೀವು ಕೂಗಿದ್ದು ಡ್ರೈವರಿಗೆ ಕೇಳಿಸಿ ಬಸ್ಸು ನಿಂತರೆ, ನಾಳೆಯೇ ರೂಟಿಗೆ ಹೋಗಿ." ಸರಿಯಾದ ಮಾತು. ಒಪ್ಪಿಕೊಂಡೆ.

ಡ್ರೈವರ್ ಸೀಟಿಗೆ ಚನ್ನಣ್ಣ ತಾನೇ ಹೋಗಿ ಕೂತ. ಬಸ್ಸು ಡಿಪೋದ ಅಂಗಳದಲ್ಲಿ ಗುಡುಗುಡು ಅಂತ ಹೊರಟಿತು. ಹಿಂದಿನ ಬಾಗಿಲಲ್ಲಿ ನಿಂತು ಇದ್ದ ಉಸಿರೆಲ್ಲ ಕೂಡಿಸಿ "ಹೋಲ್ಡಾನ್" ಅಂದೆ. ಬಸ್ಸು ನಿಂತಿತು. ಸಾಹೇಬರು ಚಪ್ಪಾಳೆ ತಟ್ಟಿದರು. ನಮ್ಮವರ ಮುಖ ಅರಳಿತು.

ಆದರೆ ಕೂಗಿದವಳು ನಾನು. ಆ ಕೂಗು ನನ್ನ ಕಿವಿಗೇ ಸರಿಯಾಗಿ ಕೇಳಿಸಿರಲಿಲ್ಲ. ಮುಂದೆ ಹೋಗಿ ನೋಡಿದೆ. ತಲೆ ಮೇಲಿನ ಕನ್ನಡಿಯನ್ನು ನೇರ ಹಿಂದಿನ ಬಾಗಿಲಿಗೆ, ನನ್ನ ಬಾಯಿ ಕಾಣುವ ಹಾಗೆ ತಿರುಗಿಸಿಕೊಂಡಿದ್ದ.

"ಕೇಳಿಸ್ತಾ ಅಣ್ಣ?"

"ಕೇಳಿಸ್ತು ಕಣವ್ವ, ಚೆನ್ನಾಗೇ ಕೇಳಿಸ್ತು" ಅಂದ, ಸ್ಟೇರಿಂಗ್ ನೋಡುತ್ತಾ.

"ಕೇಳಿಸ್ಲಿಲ್ಲ, ಕಾಣಿಸ್ತು. ನಿಂಗೆ ಬಸ್ ನಿಲ್ಸ್‌ಬೇಕು ಅಂತ ಆಸೆ ಇತ್ತು, ಅದಕ್ಕೇ ಕೇಳಿಸ್ದಂಗಾಯ್ತು. ಕನ್ನಡಿ ತಿರುಗ್ಸು. ಇನ್ನೊಂದ್ಸಲ."

"ಸುಮ್ಕಿರವ್ವ! ಪಾಸಾಗದೆ! ಯಾಕ್ ಕೆಡುಸ್ಕತೀಯ?" ಅವನ ಕಣ್ಣು ತುಂಬಿತ್ತು. ಅವನು ಪ್ರೀತಿಯಿಂದಲೇ ಮಾಡಿದ್ದ, ಅದು ನನಗೆ ಗೊತ್ತಿತ್ತು. ಆದರೆ ನಾಳೆ ಮೆಟ್ಟಿಲಿಂದ ಜಾರುವ ಮುದುಕಿಗೆ ಅವನ ಪ್ರೀತಿಯಿಂದ ಏನು ಉಪಯೋಗ? ನಾನೇ ಕೈ ಹಾಕಿ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದೆ. ಸಾಹೇಬರಿಗೆ ವಿಷಯ ಹೇಳಿದೆ. ಬಸ್ಸು ಮತ್ತೆ ಹೊರಟಿತು, ನಾನು ಕೂಗಿದೆ, ಬಸ್ಸು ಅಂಗಳದ ಕೊನೆಯ ತನಕ ಹೋಗಿ ಗೋಡೆ ಬಂದಾಗ ನಿಂತಿತು.

ನಮ್ಮವರು ಬೈಕಿನಲ್ಲಿ ಊರಿಗೆ ವಾಪಸ್ ಕರೆದುಕೊಂಡು ಬಂದರು. ಮನೆ ಬಾಗಿಲಲ್ಲಿ ಇಳಿದ ಮೇಲೆ, "ಕೈಗ್ ಬಂದಿದ್ನ ಕಾಲಲ್ಲಿ ಒದ್ದೆ ಕಣೆ. ಯಾರಿಗ್ ತೋರ್ಸಾಕೆ ಈ ಸತ್ಯವಂತಿಕೆ?" ಅಂದರು. ಅವತ್ತು ಊಟ ಮಾಡಲಿಲ್ಲ. ನನಗೂ ಅಳು ಬಂತು. ಆದರೂ ಮಾಡಿದ್ದು ತಪ್ಪು ಅಂತ ಅನಿಸಲಿಲ್ಲ. ಇಷ್ಟು ವರ್ಷ ಚನ್ನಣ್ಣನಿಗೆ ನಾನು ಹೇಳುತ್ತಿದ್ದದ್ದು ಅದೊಂದೇ: ಬೇಕು ಅನ್ನುವುದನ್ನು ಇದೆ ಅನ್ನಬೇಡ. ನನ್ನದೇ ಗಂಟಲಿನ ವಿಷಯ ಬಂದಾಗ ಅದನ್ನು ಬಿಟ್ಟುಬಿಡಲೇ?

ಮಾರನೇ ದಿ‌ನದಿಂದ ಗೋಡೆ ಬಿಟ್ಟು ಗದ್ದೆಗೆ ಹೋದೆ. ನಮ್ಮವರು ಬೆನ್ನು ತಿರುಗಿಸಿ ಕಬ್ಬಿನ ಒಣಗರಿ ಬಿಡಿಸುತ್ತಿರುತ್ತಾರೆ. ನಾನು ನಾಲೆಯ ಏರಿಯ ಮೇಲೆ ನಿಂತು ಕೂಗುತ್ತೇನೆ. ಕೇಳಿಸಿದರೆ ಅವರು ಟವೆಲ್ ಎತ್ತಬೇಕು. ಅವರು ಇನ್ನೂ ನನ್ನ ಮೇಲೆ ಕೋಪದಲ್ಲಿದ್ದರು, ಹಾಗಾಗಿ ಸುಳ್ಳು ಟವೆಲ್ ಎತ್ತುವುದಿಲ್ಲ ಅಂತ ನನಗೆ ಧೈರ್ಯವಿತ್ತು. ಒಂದು ಸಾಲಿನ ದೂರದಿಂದ ಕೇಳಿಸಿತು. ಆಮೇಲೆ ತೆಂಗಿನ ಮರದ ಹತ್ತಿರದಿಂದ. ಆಮೇಲೆ ಪಂಪ್‌ಸೆಟ್ ಓಡುತ್ತಿದ್ದಾಗ ಒಂದು ಮಧ್ಯಾಹ್ನ ಮೋಟಾರಿನ ಸದ್ದಿನ ಆಚೆಯಿಂದ ಟವೆಲ್ ಮೇಲೆದ್ದಿತು. ಬೆನ್ನು ತಿರುಗಿಸಿಯೇ ಇದ್ದರು. ಟವೆಲ್ಲನ್ನು ಬೀಸುತ್ತಲೇ ಇದ್ದರು, ಇಳಿಸಲಿಲ್ಲ. ಕೋಪ ಇಳಿದದ್ದು ಹಾಗೆ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಮತ್ತೆ ನಳಿಗೆ ಇಳಿಸಿ ನೋಡಿದರು. ಎಡಗಡೆಯ ಪಟ್ಟಿ ಹಾಗೇ ನಿಂತಿತ್ತು, ಕದಲಿರಲಿಲ್ಲ. ಬಲಗಡೆಯದು ನಡುಗೆರೆ ದಾಟಿ, ಪರರ ಜಾಗಕ್ಕೆ ಕಾಲಿಟ್ಟು, ಅದನ್ನು ಹೋಗಿ ಮುಟ್ಟುತ್ತಿತ್ತು. ಸಂದು ಮುಚ್ಚಿತ್ತು. ತರಬೇತಿಯ ಹುಡುಗಿ ನನಗಿಂತ ಮೊದಲು ಕಣ್ಣೊರೆಸಿಕೊಂಡಳು.

ಎರಡನೇ ಪರೀಕ್ಷೆಗೆ ಚನ್ನಣ್ಣ ತಾನಾಗಿಯೇ ಹೆಗಲ ಮೇಲಿನ ಟವೆಲ್ ತೆಗೆದು ಕನ್ನಡಿಗೆ ಸುತ್ತಿದ. ಗಂಟು ಹಾಕಿ ನನ್ನ ಕಡೆ ನೋಡಿ, "ಸರಿಯಾ ತಾಯಿ?" ಅಂದ. ಬಸ್ಸು ಹೊರಟಿತು. ಹಿಂದಿನ ಬಾಗಿಲ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆ ತಳ್ಳಿದ ಹಾಗೆ ತಳ್ಳಿ, ಕೂಗಿದೆ. ಒಡೆದ ದನಿ. ಆದರೆ ದನಿ. ಬಸ್ಸು ಗಕ್ಕನೆ ನಿಂತ ರಭಸಕ್ಕೆ ಒಳಗಿದ್ದ ಸಾಹೇಬರು ಮುಂದಿನ ಸೀಟು ಹಿಡಿದುಕೊಂಡರು. ನಾನು ಹೋಗಿ ಕನ್ನಡಿ ನೋಡಿದೆ. ಟವೆಲ್ ಹಾಗೇ ಇತ್ತು.

ಮರುದಿನ ಬೆಳಿಗ್ಗೆ ನಮ್ಮದೇ ರೂಟು. ಕರಿಘಟ್ಟ ಕಂಡಿತು. ಚನ್ನಣ್ಣ ಒಂದು ಕೈಯಲ್ಲಿ ಮುಗಿದ. ಒಂದೇ ಕೈ, ನನ್ನ ಗೌರವಕ್ಕೆ. ಟಿಕೆಟ್ ಮುಗಿಸಿ ನಾನು ಹಿಂದಿನ ಬಾಗಿಲ ಹತ್ತಿರ ನಿಂತಿದ್ದೆ. ಅವನು ರಸ್ತೆ ನೋಡುತ್ತಲೇ ಶುರುಮಾಡಿದ, ಬಸ್ಸಿಗೆಲ್ಲ ಕೇಳುವಂತೆ.

"ವೈರು ಸುತ್ತಾಕಂಡ್ ಬಂತು ಅಂದೆ, ಒಪ್ಕಂಡೆ. ಎಡಗಡೇದು ಇನ್ನೂ ಸತ್ತಂಗೆ ನಿಂತದೆ ಅಂದೆ, ಅದ್ನೂ ಒಪ್ಕಂಡೆ. ಬಲಗಡೇದು ಗಡಿ ದಾಟಿ ಬಂದು ಅದನ್ನ ಮುಟ್ತು ಅಂದ್ಯಲ್ಲ, ಅದ್ಕೆ ಆ ಬುದ್ದಿ ಕೊಟ್ಟೋನು ಯಾರವ್ವ? ಈಗೇಳು!"

"ನಾನು!" ಅಂದೆ. ಬಸ್ಸಿನ ಈ ತುದಿಯಿಂದ ಆ ತುದಿಗೆ. "ಬೆಳಿಗ್ಗೆ ಸಂಜೆ ಗೋಡೆ ತಳ್ಳಿ ತಳ್ಳಿ ನಾನೇ ಕಲ್ಸ್‌ದೆ ಕಣಣ್ಣ!"

"ಆ ಹಟ ಕೊಟ್ಟೋನು ಯಾರು?"

"ನಮ್ಮತ್ತೆ!"

ಬಸ್ಸೆಲ್ಲ ಗೊಳ್ ಅಂದಿತು. ಚನ್ನಣ್ಣ ಸೋಲುವವನಲ್ಲ. "ಆ ನಿಮ್ಮತ್ತೇನ..." ಅಂತ ಮುಂದಿನದನ್ನು ಎತ್ತಿದ್ದ. ಅಷ್ಟರಲ್ಲಿ ನಮ್ಮೂರ ಕ್ರಾಸು ಬಂತು. ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ಬುತ್ತಿ ಚೀಲ ಹಿಡಿದು ಅತ್ತೆ ನಿಂತಿದ್ದರು. ಕೈ ಅಡ್ಡ ಹಾಕಿರಲಿಲ್ಲ. ಎಲ್ಲಿಗೂ ಹೊರಟವರಲ್ಲ, ಕಿವಿಗೊಟ್ಟು ನಿಂತವರು. ವಾದದ ಬಿಸಿಯಲ್ಲಿ ಚನ್ನಣ್ಣ ಅವರನ್ನು ನೋಡಿರಲಿಲ್ಲ, ಬಸ್ಸು ದಾಟಿಹೋಗುತ್ತಿತ್ತು.

"ಹೋಲ್ಡಾನ್!"

ಬಸ್ಸು ನಿಂತಿತು. ಧೂಳು ಇಳಿದ ಮೇಲೆ ಅತ್ತೆ ಬುತ್ತಿಯನ್ನು ಕಿಟಕಿಯಿಂದ ಕೊಟ್ಟರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನಿನ್ ಕೂಗು ನಾಲೆ ಏರಿ ತಂಕ್ಲೂ ಕೇಳುಸ್ತದೆ ಕಣ್ಮಗ" ಅಂದರು. ಅವರ ಕೊರಳಿನ ದಾರದಲ್ಲಿ ನನ್ನ ಹಳೇ ವಿಶಲ್ ನೇತಾಡುತ್ತಿತ್ತು. ಊಟಕ್ಕೆ ಕರೆಯಲು ಈಗ ಅವರಿಗೇ ಅದು ಬೇಕಂತೆ. ನಾನು ಏನೋ ಹೇಳಬೇಕು ಅಂತ ಬಾಯಿ ತೆರೆದೆ, ದನಿ ಕಟ್ಟಿತು. ಈ ಸಲ ಅದು ನರದ ತಪ್ಪಲ್ಲ.

ಅತ್ತೆ ಕೊರಳಿನ ವಿಶಲ್ ತೆಗೆದು ಬಾಯಿಗಿಟ್ಟು ಎರಡು ಊದಿದರು. ಚನ್ನಣ್ಣ ಗೇರ್ ಹಾಕಲಿಲ್ಲ. "ನಾನ್ ನಮ್ ಕಂಡಕ್ಟ್ರು ಏಳುದ್ರೇ ಒರಡೋದು" ಅಂತ ಕೈಕಟ್ಟಿ ಕೂತ.

ಕಣ್ಣೊರೆಸಿಕೊಂಡು, ಕಂಬಿ ಹಿಡಿದು, "ರೈಟ್!" ಅಂದೆ.